ಕಮಿಟ್‌ಮೆಂಟ್ ಬೇರೆ, ಕಮಿಟ್‌ಮೆಂಟ್ಸ್ ಬೇರೆ

ಇಂಟರ್‌ವ್ಯೂನಲ್ಲಿ ‘ಶನಿವಾರ ಬೇರೆ ಕಮಿಟ್‌ಮೆಂಟ್ಸ್ ಇವೆಯಾ?’ ಅಂತ ಕೇಳಿದರು, ‘ತುಂಬಾ ಇದೆ ಸಾರ್’ ಅಂದುಬಿಟ್ಟೆ, ತಪ್ಪಾಯ್ತಾ ಅಂತ ಕೇಳಿದ್ದೀರಿ. ಪಾಪ, ನೀವು ಹೇಳಲು ಹೊರಟಿದ್ದು ಶ್ರದ್ಧೆ ಇದೆ ಅಂತ. ಅವರ ಕಿವಿಗೆ ಬಿದ್ದಿದ್ದು ‘ಶನಿವಾರ ಪುರುಸೊತ್ತಿಲ್ಲ’ ಅಂತ.

ಬಹುವಚನದಲ್ಲಿ ಬಂದರೆ ಸಾಮಾನ್ಯವಾಗಿ ಮೊದಲೇ ಒಪ್ಪಿಕೊಂಡ ಕೆಲಸ, ಹೊಣೆ ಅಂತ ಅರ್ಥ. ನಮ್ಮಲ್ಲಿ ‘ಈ ತಿಂಗಳು ಕಮಿಟ್‌ಮೆಂಟ್ಸ್ ಜಾಸ್ತಿ ಕಣ್ರೀ’ ಅಂದರೆ ಇಎಂಐ, ಚೀಟಿ ದುಡ್ಡು, ಮಕ್ಕಳ ಫೀಸು ಅಲ್ವಾ? ಅದೇ. ‘ಅವಳ ಕಮಿಟ್‌ಮೆಂಟ್ ನೋಡಿ’ ಅಂದಾಗ ಮಾತ್ರ ಹಿಡಿದ ಕೆಲಸ ಬಿಡದ ಗುಣ. ‘ಬದ್ಧತೆ’ ಅನ್ನುವ ಪದ ಈ ಗುಣಕ್ಕೆ ಸರಿ, ಇಎಂಐಗೆ ಒಗ್ಗುವುದಿಲ್ಲ.

ಮೂಲ ಲ್ಯಾಟಿನ್‌ನ ‘ಕಮ್ಮಿಟ್ಟೆರೆ’. ಒಪ್ಪಿಸುವುದು, ವಹಿಸಿಕೊಡುವುದು ಅಂತ ಅದರ ಒಂದು ಅರ್ಥ. ಕಮಿಟಿ ಕೂಡ ಇದೇ ಮನೆಯ ಪದ, ಕೆಲಸ ಯಾರಿಗೆ ಒಪ್ಪಿಸಿದೆಯೋ ಅವರು. ನಮ್ಮ ಅಪಾರ್ಟ್‌ಮೆಂಟ್ ಕಮಿಟಿ ನೋಡಿದರೆ ನಂಬುವುದು ಕಷ್ಟ, ಬಿಡಿ.

ಬರೆಯುವಾಗ ಒಂದು ಎಚ್ಚರ. ‘ಐ ಆಮ್ ಕಮಿಟೆಡ್ ಟು’ ಆದಮೇಲೆ ಸಾಮಾನ್ಯವಾಗಿ ‘ಲರ್ನಿಂಗ್’ ಬರುತ್ತದೆ, ಬರೀ ‘ಲರ್ನ್’ ಅಲ್ಲ. ಕಮಿಟೆಡ್‌ನಲ್ಲಿ ‘ಟಿ’ ಎರಡು. ಕಮಿಟ್‌ಮೆಂಟ್‌ನಲ್ಲಿ ‘ಮೆಂಟ್’ಗೆ ಮುಂಚೆ ಒಂದೇ.

ಸುಮ್ನೆ ಕೊರಗಬೇಡಿ. ‘ಐ ಹ್ಯಾವ್ ನೋ ಅದರ್ ಕಮಿಟ್‌ಮೆಂಟ್ಸ್ ಆನ್ ಸಾಟರ್ಡೇಸ್’ ಅಂತ ಎಚ್‌ಆರ್‌ಗೆ ಇವತ್ತೇ ಒಂದು ಸಾಲಿನ ಮೇಲ್ ಹಾಕಿ.