ಕ್ಲಚ್ ಬಿಟ್ಟರೆ ಹಾರುವ ಮಿನಿ ಟ್ರ್ಯಾಕ್ಟರ್: ಬಿಚ್ಚುವ ಮುಂಚೆ ಇಷ್ಟು ನೋಡಿ

ಚಿಂತಾಮಣಿ ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಹಳೆ 18 ಎಚ್‌ಪಿ ಗಾಡಿ, ಕ್ಲಚ್ ಎಷ್ಟು ನಿಧಾನ ಬಿಟ್ಟರೂ ಒಮ್ಮೆಲೇ ಹಿಡಿದು ಮುಂದಕ್ಕೆ ಹಾರುತ್ತದೆ, ಸಾಲಿನ ತುದಿಯಲ್ಲಿ ತಿರುಗಿಸುವಾಗ ಟೊಮೆಟೊಗೆ ನೆಟ್ಟ ಕಡ್ಡಿಗಳು ಮುರಿದವು, ಮೆಕ್ಯಾನಿಕ್ ಪೂರ್ತಿ ಕ್ಲಚ್ ಸೆಟ್ ಹಾಕಿಸಿ ಅಂದರು ಅಂತ ಬರೆದಿದ್ದೀರಿ. ಹಾಕಿಸಬೇಕಾಗಿಯೂ ಬರಬಹುದು. ಆದರೆ ಕ್ಲಚ್ ತಲುಪಲು ಗಾಡಿಯನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡುವ ಮುಂಚೆ ಮನೆಯಲ್ಲೇ ಒಂದು ಗಂಟೆ ಕೆಲಸ ಇದೆ.

ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಪೆಡಲನ್ನು ಕಾಲಲ್ಲಿ ಬೇಡ, ಕೈಯಲ್ಲಿ ಒತ್ತಿ ಮೆಲ್ಲಗೆ ಬಿಡಿ. ನುಣ್ಣಗೆ ಮೇಲೆ ಬರಬೇಕು. ಮಧ್ಯೆ ಒಂದು ಕಡೆ ನಿಂತು ಟಕ್ ಅಂತ ಎದ್ದರೆ ಅದೇ ನಿಮ್ಮ ಜರ್ಕ್. ನೀವು ನಿಧಾನ ಬಿಡುತ್ತಿದ್ದರೂ ಒಳಗೆ ಕ್ಲಚ್ ನಿಧಾನ ಬಿಡುತ್ತಿಲ್ಲ ಅಂತ ಅರ್ಥ. ನಮ್ಮ ಕಡೆಯ ಕೆಂಪು ಧೂಳು ಹಳೆ ಗ್ರೀಸ್ ಜೊತೆ ಸೇರಿದರೆ ಗಾರೆ ಥರ ಆಗುತ್ತದೆ. ಪೆಡಲ್ ಶಾಫ್ಟಿನ ಬುಷ್ ಅದರಲ್ಲೇ ಕಚ್ಚಿಕೊಳ್ಳುತ್ತದೆ. ಪೆಡಲನ್ನು ಕ್ಲಚ್ ಆರ್ಮ್‌ಗೆ ಸೇರಿಸುವ ರಾಡ್ ಕಳಚಿ, ಪೆಡಲ್ ಬೇರೆ, ಕ್ಲಚ್ ಹೌಸಿಂಗ್ ಪಕ್ಕದ ಆರ್ಮ್ ಬೇರೆ ಅಲ್ಲಾಡಿಸಿ ನೋಡಿ. ಪೆಡಲ್ ಬಿಗಿ ಇದ್ದರೆ ಡೀಸೆಲ್‌ನಲ್ಲಿ ತೊಳೆದು ಗ್ರೀಸ್ ಹೊಡೆಯಿರಿ. ಪಿನ್ ಸವೆದು ಗೀರು ಬಿದ್ದಿದ್ದರೆ ಪಿನ್ ಬದಲಿಸಿ. ಆರ್ಮ್ ಬಿಗಿ ಇದ್ದರೆ ತೊಂದರೆ ಒಳಗಿದೆ: ಆ ಶಾಫ್ಟಿನ ಬುಷ್, ಇಲ್ಲವೇ ರಿಲೀಸ್ ಬೇರಿಂಗ್ (ಒಳಗೆ ಕ್ಲಚ್ಚನ್ನು ಒತ್ತಿ ಬಿಡಿಸುವ ಬೇರಿಂಗ್) ಜಾರುವ ಕೊಳವೆ.

ಹಾಗೇ ಫ್ರೀ ಪ್ಲೇ ಕೂಡ ಅಳೆಯಿರಿ. ಪೆಡಲ್ ಭಾರ ಆಗುವ ಮುಂಚೆ ಸುಮಾರು 20ರಿಂದ 30 ಮಿ.ಮೀ. ಸಡಿಲ ಇರುವುದು ಸಾಮಾನ್ಯ, ನಿಮ್ಮ ಗಾಡಿಯ ಪುಸ್ತಕ ಇದ್ದರೆ ಅದರಂತೆ ಮಾಡಿ. ಪ್ಲೇ ಕಮ್ಮಿಯಾದರೆ ಕ್ಲಚ್ ಜಾರುತ್ತದೆ, ಜಾಸ್ತಿಯಾದರೆ ಪೂರ್ತಿ ಬಿಡದೆ ಗೇರ್ ಕರಕರ ಅನ್ನುತ್ತದೆ. ಜರ್ಕ್‌ಗೆ ಮಾತ್ರ ಇದು ಮದ್ದಲ್ಲ. ಹಾರುತ್ತದೆ ಅಂತ ಸುಮ್ನೆ ನಟ್ ತಿರುಗಿಸುತ್ತಾ ಕೂರಬೇಡಿ.

ಆಮೇಲೆ ಗಾಡಿ ಕೆಳಗೆ ಮಲಗಿ ಬೆಲ್ ಹೌಸಿಂಗ್ (ಕ್ಲಚ್ ಕೂರುವ ಗೂಡು) ತಳ ನೋಡಿ. ಅಲ್ಲೊಂದು ಸಣ್ಣ ತೂತು ಇರುತ್ತದೆ, ಕೆಲವಕ್ಕೆ ಪಿನ್ ತೂಗಾಡುತ್ತಿರುತ್ತದೆ. ಮಣ್ಣು ಕೆರೆದು ಕಡ್ಡಿ ಹಾಕಿ ತೆಗೆಯಿರಿ. ಎಣ್ಣೆ ತೊಟ್ಟಿಕ್ಕಿದರೆ ಬೆರಳಲ್ಲಿ ಹಚ್ಚಿ ಮೂಸಿ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಹಿಂದಿನ ಸೀಲ್. ದಪ್ಪಗೆ, ಗಂಧಕದಂಥ ನಾತ ಇದ್ದರೆ ಗೇರ್ ಬಾಕ್ಸ್ ಸೀಲ್. ಈ ಎಣ್ಣೆ ಕ್ಲಚ್ ಪ್ಲೇಟಿಗೆ ಬಿದ್ದರೂ ಜರ್ಕ್ ಬರುತ್ತದೆ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಗಾಡಿಗೂ ಹೀಗೇ ಆಗಿತ್ತು. ಎಣ್ಣೆ ಬಿದ್ದ ಪ್ಲೇಟನ್ನು ಪೆಟ್ರೋಲ್‌ನಲ್ಲಿ ತೊಳೆದು, ಬಿಸಿಲಿಗಿಟ್ಟು, ಜಾಣತನ ಮಾಡಿದೆ ಅಂದುಕೊಂಡು ಹಾಕಿದೆ. ಎರಡು ವಾರ ಚೆನ್ನಾಗಿತ್ತು. ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಒಳಗೆ ಕುಡಿದಿದ್ದ ಎಣ್ಣೆ ಕಾವಿಗೆ ಮತ್ತೆ ಹೊರಬಂತು, ಸೀಲ್ ಬೇರೆ ಸೋರುತ್ತಲೇ ಇತ್ತು. ಬಿಚ್ಚುವ ಕೂಲಿ ಎರಡು ಸಲ ಕೊಟ್ಟೆ. ಮನೆಯವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇನ್ನೊಂದು ಕೇಳಬೇಕು. ಗಾಡಿ ಮಳೆಗಾಲ ಪೂರ್ತಿ ಹೊರಗೆ ನಿಂತಿತ್ತಾ? ಹಾಗಿದ್ದರೆ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಮೇಲೂ ಪ್ಲೇಟಿನ ನಡುವಿನ ಹಲ್ಲಿನಲ್ಲೂ ತುಕ್ಕು ಹಿಡಿದಿರಬಹುದು. ಬೆಳಗ್ಗೆ ಜರ್ಕ್ ಜೋರಾಗಿದ್ದು ಓಡಿಸುತ್ತಾ ಕಮ್ಮಿಯಾದರೆ ನನ್ನ ಅನುಮಾನ ಅದರ ಮೇಲೆ. ಕೆಲವು ದಿನ ಹಗುರ ಕೆಲಸ ಮಾಡಿಸಿ ನೋಡಿ, ಮೇಲಿನ ತುಕ್ಕಾದರೆ ಉಜ್ಜಿ ಹೋಗುತ್ತದೆ. ಬಿಸಿಯಾದ ಮೇಲೆ ಜಾಸ್ತಿಯಾದರೆ, ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಸೊಟ್ಟಗಾಗಿರುವ ಸಾಧ್ಯತೆ ಹೆಚ್ಚು.

ಬಿಚ್ಚಲೇಬೇಕಾದರೆ ಮುಂದಿನ ಆಕ್ಸಲ್ ಎರಡೂ ಕಡೆ ಮರದ ಬೆಣೆ ಬಡಿಸಿ. ಆಕ್ಸಲ್ ನಡುವಿನ ಪಿನ್ ಮೇಲೆ ವಾಲಾಡುತ್ತದೆ, ಬೆಣೆ ಇಲ್ಲದಿದ್ದರೆ ಎಂಜಿನ್ ಪಕ್ಕಕ್ಕೆ ಮಗುಚುತ್ತದೆ. ಬರೀ ಜಾಕ್ ನಂಬಬೇಡಿ. ಒಳಗಿನ ಧೂಳನ್ನು ಗಾಳಿಯಲ್ಲಿ ಊದಬೇಡಿ, ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಲೇಟಿನಲ್ಲಿ ರಿವೆಟ್ ತಲೆ ಲೈನಿಂಗ್ ಮೇಲ್ಮೈಯಿಂದ ಕನಿಷ್ಠ 0.3 ಮಿ.ಮೀ. ಆಳದಲ್ಲಿ ಇಲ್ಲ ಅಂದರೆ ಅದರ ಕಥೆ ಮುಗಿಯಿತು. ನಡುವಿನ ಸ್ಪ್ರಿಂಗ್ ಸಡಿಲವಾಗಿದ್ದರೂ, ಮುರಿದಿದ್ದರೂ ಜರ್ಕ್ ಬರುತ್ತದೆ. ಪ್ರೆಷರ್ ಪ್ಲೇಟನ್ನು ಎಳೆದು ಬಿಡಿಸುವ ಮೂರು ಫಿಂಗರ್ (ಸಣ್ಣ ಸನ್ನೆಗೋಲು) ಇರುವ ಮಾದರಿಯಾದರೆ ಮೂರೂ ಒಂದೇ ಎತ್ತರ ಇರಲೇಬೇಕು. ಒಂದು ಮೇಲೆ ಕೆಳಗಾದರೆ ಪ್ಲೇಟನ್ನು ಒಂದು ಕಡೆಯಿಂದ ಹಿಡಿಯುತ್ತದೆ, ಹೊಸ ಪ್ಲೇಟ್ ಹಾಕಿದರೂ ಗಾಡಿ ನಡುಗುತ್ತದೆ. ಆ ಎತ್ತರ ಅಳೆಯದೆ ಬೋಲ್ಟ್ ಬಿಗಿ ಮಾಡಲು ಮೆಕ್ಯಾನಿಕ್‌ಗೆ ಬಿಡಬೇಡಿ, ಪಕ್ಕದಲ್ಲೇ ನಿಂತುಕೊಳ್ಳಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಸಣ್ಣ ಬಿರುಕು ಕಂಡರೆ ಲೇತಿನವರಿಗೆ ತೋರಿಸಿ. ಆಯಿಲ್ ಸೀಲ್ ಎರಡೂ ಆಗಲೇ ಬದಲಿಸಿಬಿಡಿ. ಇಡೀ ಕೆಲಸದಲ್ಲಿ ಅವೇ ಅಗ್ಗ.

ಮೊದಲು ಪೆಡಲ್ ಮತ್ತು ತೂತು ನೋಡಿ, ಏನು ಕಂಡಿತು ಅಂತ ಇಲ್ಲೇ ಬರೆಯಿರಿ. ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿವೆ, ಸೊಪ್ಪು ಹಾಕುವುದರಲ್ಲೇ ದಿನ ಹೋಗುತ್ತಿದೆ. ಉತ್ತರ ರಾತ್ರಿಯೇ ಆಗಬಹುದು.