ಸಂಪಾದಕರ ಉತ್ತರ: ಕುಕ್ ಮನೆಯ ಬಾಗಿಲು

ಶಿರಸಿಯಿಂದ ಬರೆದಿರುವ ವಕೀಲರಿಗೆ ನಮಸ್ಕಾರ.

ನಿಮ್ಮ ಕಾಗದ ನಾಲ್ಕು ಪುಟ ಇದೆ, ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರಲ್ಲಿ ಏನಿದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ನಾನು ಇಂಗ್ಲೆಂಡಿನ ಹಳೆಯ ಜಡ್ಜ್ ಸರ್ ಎಡ್ವರ್ಡ್ ಕುಕ್ ಬಗ್ಗೆ ಬರೆದಿದ್ದೆ. ದೊರೆಯೂ ಕಾನೂನಿನ ಕೆಳಗೇ ಅಂತ ಒಂದನೇ ಜೇಮ್ಸ್‌ಗೆ ಎದುರಾಡಿದ ಧೈರ್ಯವಂತ ಅಂತ ಹೊಗಳಿದ್ದೆ. ಅದನ್ನು ಓದಿ ನಿಮಗೆ ಸಿಟ್ಟು ಬಂದಿದೆ. 'ಈ ಮಹಾನುಭಾವನಿಗೆ ಹೆಂಡತಿ ಮಕ್ಕಳು ಇರಲಿಲ್ಲವೇ? ಸ್ವಂತ ಮಗಳನ್ನು ಬಾಗಿಲು ಒಡೆದು ಎಳೆದೊಯ್ದು ಮದುವೆ ಮಾಡಿಸಿದ ಅಂತ ಲಾ ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ ನೆನಪು. ನಿಜವಾದರೆ ಯಾಕೆ ಬರೆಯಲಿಲ್ಲ?' ಅಂತ ಕೇಳಿದ್ದೀರಿ. ಅವನ ವಂಶ ಈಗಲೂ ಇದೆಯಾ, ಹೆಸರು ಕೋಕ್ ಅಲ್ವಾ ಅನ್ನುವ ಪ್ರಶ್ನೆಗಳೂ ಇವೆ.

ಹೆಸರಿನ ವಿಷಯ ಸುಲಭ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಅಂಗಡಿಯ ತಂಪು ಪಾನೀಯದ ಹೆಸರೇ. ಆದರೆ ಅವರ ಮನೆತನದವರು ಅದನ್ನು 'ಕುಕ್' ಅಂತಲೇ ಕರೆಯುತ್ತಾರೆ, ಅಡುಗೆಯವನು ಅನ್ನುವ ಇಂಗ್ಲಿಷ್ ಮಾತಿನ ಹಾಗೆ.

ಮಗಳ ವಿಷಯ ನಿಜ. ಅದನ್ನು ಬಿಟ್ಟದ್ದು ನನ್ನ ತಪ್ಪು. ಜಾಗ ಸಾಲಲಿಲ್ಲ ಅಂತ ಸಬೂಬು ಹೇಳಬಹುದಿತ್ತು. ಹಾಗೇನಿಲ್ಲ, ಕಟ್ಟಿದ ಚಿತ್ರ ಕೆಡುತ್ತದೆ ಅಂತ ಸುಮ್ನೆ ದಾಟಿಸಿಬಿಟ್ಟೆ. ಈಗ ಮನೆಯ ಕಡೆಯಿಂದಲೇ ಹೇಳುತ್ತೇನೆ.

ಕುಕ್ ಹುಟ್ಟಿದ್ದು 1552ರ ಫೆಬ್ರವರಿ 1ರಂದು, ನಾರ್ಫೋಕ್ ಸೀಮೆಯ ಮೈಲಮ್ ಎಂಬ ಹಳ್ಳಿಯಲ್ಲಿ. ತಾಯಿ ವಿನಿಫ್ರೆಡ್‌ಗೆ ಒಲೆಯ ಮುಂದೆ ಚಳಿ ಕಾಯಿಸುತ್ತಾ ಕೂತಿದ್ದಾಗಲೇ ನೋವು ಬಂತಂತೆ. ಮಹಡಿಯ ಕೋಣೆಗೆ ಕರೆದೊಯ್ಯುವಷ್ಟರಲ್ಲಿ ಮಗು ಹುಟ್ಟಿಯೇಬಿಟ್ಟಿತಂತೆ. ಎಂಟು ಮಕ್ಕಳಲ್ಲಿ ಇವನೊಬ್ಬನೇ ಗಂಡು. ತಂದೆ ರಾಬರ್ಟ್ ಲಂಡನ್ನಿನ ಲಿಂಕನ್ಸ್ ಇನ್ ಎಂಬ ವಕೀಲರ ಸಂಘದಲ್ಲಿ ವಕೀಲ. ಕುಕ್‌ಗೆ ಒಂಬತ್ತು ವರ್ಷ ಆಗಿದ್ದಾಗ, 1561ರಲ್ಲಿ, ತಂದೆ ತೀರಿಕೊಂಡ. ತಾಯಿ ಇನ್ನೊಂದು ಮದುವೆಯಾದಳು. ಹುಡುಗ ನಾರಿಚ್‌ನ ಶಾಲೆ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಆಮೇಲೆ ಇನ್ನರ್ ಟೆಂಪಲ್ ಎಂಬ ಇನ್ನೊಂದು ವಕೀಲರ ಸಂಘ, ಹೀಗೆ ಓದಿ 1578ರಲ್ಲಿ ವಕೀಲನಾದ.

1582ರಲ್ಲಿ ಬ್ರಿಜೆಟ್ ಪ್ಯಾಸ್ಟನ್ ಜೊತೆ ಮದುವೆ. ಈ ಪ್ಯಾಸ್ಟನ್ ಮನೆತನದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಗೂ ಅದಕ್ಕೂ ನಂಟಿದೆ. ಹದಿನೈದನೇ ಶತಮಾನದಲ್ಲಿ ಈ ಮನೆಯವರು ಒಬ್ಬರಿಗೊಬ್ಬರು ಬರೆದುಕೊಂಡ ನೂರಾರು ಕಾಗದಗಳು ಹಾಗೇ ಉಳಿದಿವೆ. ಅವುಗಳಲ್ಲಿ ಮಾರ್ಜರಿ ಎಂಬ ಹುಡುಗಿಯ ಕಥೆ ಬರುತ್ತದೆ. ಬ್ರಿಜೆಟ್‌ಗೆ ಆಕೆ ಮುತ್ತಜ್ಜನ ತಂಗಿ. ತಮ್ಮ ಮನೆಯ ಜಮೀನು ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ ರಿಚರ್ಡ್ ಕ್ಯಾಲ್‌ಗೆ ಅವಳು ಗುಟ್ಟಾಗಿ ಮದುವೆಯ ಮಾತು ಕೊಟ್ಟಳು. 1469ರಲ್ಲಿ ಬಿಷಪ್ ಕರೆಸಿ ವಿಚಾರಿಸಿದಾಗ, ಆಡಿದ ಮಾತು ಸಾಲದಿದ್ದರೆ ಇನ್ನೂ ಗಟ್ಟಿಯಾಗಿ ಆಡುತ್ತೇನೆ ಅಂದಳು. ಮದುವೆ ಊರ್ಜಿತವಾಯಿತು. ಹೆತ್ತ ತಾಯಿ ಮಾತ್ರ ಅವಳಿಗೆ ಮನೆಯ ಬಾಗಿಲು ಮುಚ್ಚಿದಳು. ಅಂಥ ಮನೆಯಿಂದ ಬಂದ ಸೊಸೆ ಬ್ರಿಜೆಟ್.

ಈ ಸಂಸಾರ ಚೆನ್ನಾಗಿಯೇ ನಡೆಯಿತು. ಹದಿನಾರು ವರ್ಷದಲ್ಲಿ ಹತ್ತು ಮಕ್ಕಳು. 1598ರ ಜೂನ್ 27ರಂದು ಬ್ರಿಜೆಟ್ ತೀರಿಕೊಂಡಳು. ಕುಕ್ ತನ್ನ ಪುಸ್ತಕದಲ್ಲಿ, ಅತ್ಯಂತ ಪ್ರೀತಿಯ ಹೆಂಡತಿ ಅಂತ ಲ್ಯಾಟಿನ್‌ನಲ್ಲಿ ಬರೆದುಕೊಂಡ. ಆದರೆ ನವೆಂಬರ್ ಹೊತ್ತಿಗೆ ಅವನಿಗೆ ಇನ್ನೊಂದು ಮದುವೆ ಆಗಿತ್ತು!

ಎರಡನೆಯವಳು ಎಲಿಜಬೆತ್, ಲೇಡಿ ಹ್ಯಾಟನ್. ವಯಸ್ಸು ಇಪ್ಪತ್ತು, ಆಗಲೇ ವಿಧವೆ, ಕೈತುಂಬ ಆಸ್ತಿ. ಎಲಿಜಬೆತ್ ರಾಣಿಯ ಮಂತ್ರಿ ಲಾರ್ಡ್ ಬರ್ಲಿಯ ಮೊಮ್ಮಗಳು. ಕುಕ್‌ಗೆ ಆಗ ನಲವತ್ತಾರು, ಸರ್ಕಾರದ ಅಟಾರ್ನಿ ಜನರಲ್. ಕಾನೂನಿನ ಕೆಲಸದಲ್ಲಿ ಕುಕ್‌ಗೆ ಎದುರಾಳಿಯಾಗಿದ್ದ ಫ್ರಾನ್ಸಿಸ್ ಬೇಕನ್ ಕೂಡ ಇದೇ ಹೆಣ್ಣನ್ನು ಕೇಳಿದ್ದ. ಹಾಗಾಗಿ ಅವರಿಬ್ಬರ ಜಗಳಕ್ಕೆ ಕಾನೂನೊಂದೇ ಕಾರಣ ಅಂತ ಹೋದ ಸಲ ನಾನು ಬರೆದದ್ದು ಅರ್ಧ ನಿಜ.

ಈ ಮದುವೆ ಚರ್ಚಿನಲ್ಲಿ ಆಗಲಿಲ್ಲ. ಮದುವೆಯ ಸುದ್ದಿಯನ್ನು ಮುಂಚೆಯೇ ಮೂರು ಸಲ ಚರ್ಚಿನಲ್ಲಿ ಕೂಗಿ ಹೇಳಬೇಕು, ಇಲ್ಲವೇ ಲೈಸೆನ್ಸ್ ಇರಬೇಕು ಅಂತ ನಿಯಮ. ಎರಡೂ ಇಲ್ಲದೆ ಒಂದು ಮನೆಯಲ್ಲಿ ಮುಗಿಸಿಬಿಟ್ಟರು. ಇಂಥ ಮದುವೆಗಳನ್ನು ಬಿಡುವುದಿಲ್ಲ ಅಂತ ಆರ್ಚ್‌ಬಿಷಪ್ ವಿಟ್‌ಗಿಫ್ಟ್ ಆಗಷ್ಟೇ ಎಚ್ಚರಿಕೆ ಕೊಟ್ಟಿದ್ದ. ಗಂಡು, ಹೆಣ್ಣು, ಮಾವ, ಪಾದ್ರಿ ಎಲ್ಲರ ಮೇಲೂ ಚರ್ಚಿನ ಕೋರ್ಟಿನಲ್ಲಿ ಕೇಸು ಬಿತ್ತು. ಕುಕ್ ಪಾರಾದದ್ದು ಹೇಗೆ ಗೊತ್ತಾ? ಚರ್ಚಿನ ಕಾನೂನು ಗೊತ್ತಿರಲಿಲ್ಲ ಅನ್ನುವ ಕಾರಣಕ್ಕೆ. ದೇಶದ ಅಟಾರ್ನಿ ಜನರಲ್‌ಗೆ! ನೀವು ದಿನಾ ಕೋರ್ಟಿಗೆ ಹೋಗುವವರು. ಕಕ್ಷಿದಾರ ಹೀಗೆ ಹೇಳಿದರೆ ಜಡ್ಜ್ ಏನನ್ನುತ್ತಾರೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆಕೆ ಕುಕ್ ಹೆಸರನ್ನು ಇಟ್ಟುಕೊಳ್ಳಲೇ ಇಲ್ಲ. ಕೊನೆವರೆಗೂ ಲೇಡಿ ಹ್ಯಾಟನ್ ಆಗಿಯೇ ಉಳಿದಳು. ಇಬ್ಬರು ಹೆಣ್ಣು ಮಕ್ಕಳಾದರು, ಎಲಿಜಬೆತ್ ಮತ್ತು 1602ರಲ್ಲಿ ಹುಟ್ಟಿದ ಫ್ರಾನ್ಸೆಸ್. ಗಂಡ ಹೆಂಡತಿಗೆ ಆಸ್ತಿಯ ವಿಷಯದಲ್ಲಿ ಒಂದು ದಿನವೂ ಹೊಂದಿಕೆ ಆಗಲಿಲ್ಲ.

ಈಗ ದೊರೆಯ ಎದುರು ಎದೆಯೊಡ್ಡಿ ನಿಂತ ಪ್ರಸಂಗಕ್ಕೆ ಬರುತ್ತೇನೆ. ಹೋದ ಸಂಚಿಕೆಯಲ್ಲಿ ನಾನು ಕೊಟ್ಟದ್ದು ಕುಕ್ ತಾನೇ ಬರೆದಿಟ್ಟ ವರದಿ. ಅದರಲ್ಲಿ ಅವನು ಗಂಭೀರವಾಗಿ ನಿಂತು, ದೊರೆ ಯಾವ ಮನುಷ್ಯನ ಕೆಳಗೂ ಇಲ್ಲ, ಆದರೆ ದೇವರ ಮತ್ತು ಕಾನೂನಿನ ಕೆಳಗೆ ಇದ್ದಾನೆ ಅನ್ನುತ್ತಾನೆ. ಆದರೆ ಆ ಕಾಲದ್ದೇ ಇನ್ನೊಂದು ಕಾಗದ ಬೇರೆ ಕಥೆ ಹೇಳುತ್ತದೆ. 1608ರ ನವೆಂಬರ್. ಜೇಮ್ಸ್ ಕೆಂಡಾಮಂಡಲವಾಗಿ, ಮುಷ್ಟಿ ಬಿಗಿದು ಹೊಡೆಯಲು ಬಂದ. ಕುಕ್ ಕೈಕಾಲು ಊರಿ ನೆಲಕ್ಕೆ ಬಿದ್ದು ಕ್ಷಮೆ ಕೇಳಿದ. ಆದರೂ ದೊರೆಯ ಸಿಟ್ಟು ಇಳಿಯಲಿಲ್ಲ. ಆಗ ಖಜಾನೆಯ ಮಂತ್ರಿ ರಾಬರ್ಟ್ ಸೆಸಿಲ್ ಮಂಡಿಯೂರಿ ಬೇಡಿಕೊಂಡ. ಇವನ ಪರ ನೀನ್ಯಾಕೆ ಬೇಡುತ್ತೀಯ ಅಂತ ದೊರೆ ಕೇಳಿದ. ನನ್ನ ಹತ್ತಿರದ ಸಂಬಂಧಿಯನ್ನು ಮದುವೆಯಾಗಿದ್ದಾನೆ, ಅದಕ್ಕೆ ಅಂದ ಸೆಸಿಲ್. ಲೇಡಿ ಹ್ಯಾಟನ್‌ಗೆ ಅವನು ಚಿಕ್ಕಪ್ಪ. ಅಂದರೆ ಆ ದಿನ ಕಾನೂನಿನ ಮಾನ ಉಳಿಸಿದ್ದು ಹೆಂಡತಿಯ ತವರು. ಗಂಡ ಬರೆದ ವರದಿಯಲ್ಲಿ ತವರಿನ ಸುದ್ದಿಯೇ ಇಲ್ಲ. ನಾನೂ ಅದನ್ನೇ ನಕಲು ಮಾಡಿದೆ.

ನಿಮ್ಮ ಮುಖ್ಯ ಪ್ರಶ್ನೆ ಫ್ರಾನ್ಸೆಸ್‌ದು. 1616ರ ನವೆಂಬರಿನಲ್ಲಿ ಜೇಮ್ಸ್ ಕುಕ್‌ನನ್ನು ಮುಖ್ಯ ನ್ಯಾಯಾಧೀಶನ ಕುರ್ಚಿಯಿಂದ ಇಳಿಸಿದ. ಮತ್ತೆ ಮೇಲೆ ಬರಲು ಒಂದೇ ದಾರಿ ಕಾಣಿಸಿತು, ದೊರೆಯ ಕಣ್ಮಣಿ ಬಕಿಂಗ್‌ಹ್ಯಾಮ್. ಅವನ ಅಣ್ಣ ಸರ್ ಜಾನ್ ವಿಲಿಯರ್ಸ್‌ಗೆ ಹೆಣ್ಣು ಬೇಕಿತ್ತು. 10,000 ಪೌಂಡ್ ವರದಕ್ಷಿಣೆ, ವರ್ಷಕ್ಕೆ ಇನ್ನೂ 1,000 ಅಂತ ಕೇಳಿದರು. ಕುಕ್ ಮೊದಲು ಚೌಕಾಸಿ ಮಾಡಿದ, ಕೊನೆಗೆ ಒಪ್ಪಿದ. ಹುಡುಗಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ.

ಲೇಡಿ ಹ್ಯಾಟನ್ ಸುಮ್ಮನೆ ಕೂರುವ ಹೆಣ್ಣಲ್ಲ. 1617ರ ಜುಲೈನಲ್ಲಿ ಮಗಳನ್ನು ಕರೆದುಕೊಂಡು ಓಟ್‌ಲ್ಯಾಂಡ್ಸ್ ಹತ್ತಿರ ಬಂಧುಗಳ ಮನೆಯಲ್ಲಿ ಅಡಗಿದಳು. ಆಕ್ಸ್‌ಫರ್ಡಿನ ಅರ್ಲ್‌ಗೆ ಮಗಳು ಆಗಲೇ ಮಾತು ಕೊಟ್ಟಿದ್ದಾಳೆ ಅಂತ ಒಂದು ಕಾಗದವನ್ನೂ ಮಾಡಿಸಿಟ್ಟಳು. ಕುಕ್ ವಾರಂಟಿಗಾಗಿ, ಆಗ ರಾಜಮುದ್ರೆಯ ಅಧಿಕಾರಿಯಾಗಿದ್ದ ಬೇಕನ್ ಹತ್ತಿರ ಹೋದ. ಬೇಕನ್ ಕೊಡಲಿಲ್ಲ. ದೊರೆಯ ಕಾರ್ಯದರ್ಶಿ ವಿನ್‌ವುಡ್ ಕೊಟ್ಟ. ಅದನ್ನು ಹಿಡಿದುಕೊಂಡು, ಬ್ರಿಜೆಟ್‌ಳ ಗಂಡು ಮಕ್ಕಳನ್ನೂ ಆಯುಧ ಹಿಡಿದ ಆಳುಗಳನ್ನೂ ಕಟ್ಟಿಕೊಂಡು, ಅರವತ್ತೈದು ವರ್ಷದ ಮಾಜಿ ಮುಖ್ಯ ನ್ಯಾಯಾಧೀಶ ಹೊರಟ. ಮರದ ತೊಲೆಯಿಂದ ಬಾಗಿಲು ಗುದ್ದಿ ಒಡೆದರು. ತಾಯಿ ಮಗಳು ಒಂದು ಸಣ್ಣ ಕೋಣೆಯಲ್ಲಿ ಮುದುಡಿ ಕೂತಿದ್ದರು. ಅಲ್ಲಿಂದ ಮಗಳನ್ನು ಎಳೆದುಕೊಂಡು ಹೋದರು.

ಒಬ್ಬೊಬ್ಬನ ಮನೆಯೂ ಅವನ ಕೋಟೆ ಅನ್ನುವ ಮಾತು ನಿಮಗೆ ಗೊತ್ತೇ ಇದೆ. ಸೇಮನ್ ಎಂಬುವನ ಕೇಸು, 1604ನೇ ಇಸವಿ. ಮನೆಯ ಬಾಗಿಲನ್ನು ಅಧಿಕಾರಿ ಯಾವಾಗ ಒಡೆಯಬಹುದು, ಯಾವಾಗ ಒಡೆಯಬಾರದು, ಒಡೆಯುವ ಮುಂಚೆ ಹೇಗೆ ಕೇಳಬೇಕು ಅಂತ ತೀರ್ಮಾನಿಸಿದ ಕೇಸು. ಅದನ್ನು ಬರೆದು, ಅಚ್ಚು ಹಾಕಿಸಿ, ಲೋಕಕ್ಕೆಲ್ಲ ಹಂಚಿದವನು ಇದೇ ಕುಕ್. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಮ್ಮಲ್ಲಿ ಅನ್ನುವುದು ಇದಕ್ಕೇ. ಆಮೇಲೆ ವಿಚಾರಣೆಯಲ್ಲಿ ಅವನ ವಾದ ಏನು ಅಂದರೆ, ಮಗಳನ್ನು ತರಲು ತಂದೆಗೆ ಕಾನೂನೇ ಅಧಿಕಾರ ಕೊಟ್ಟಿದೆ ಅಂತ.

ಅಂದು ಲೇಡಿ ಹ್ಯಾಟನ್ ಏನು ಮಾಡಿದಳು ಅನ್ನುವುದನ್ನು ಆ ಕಾಲದ ಒಂದು ಕಾಗದ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಆಕೆ ಲಂಡನ್ನಿನ ಕಡೆ ಸಾರೋಟು ಓಡಿಸಿದಳು. ದಾರಿಯಲ್ಲಿ ಸಾರೋಟು ಮಗುಚಿತು. ಹೇಗೋ ಬೇಕನ್ ಮನೆ ಸೇರಿದಳು. ಅವನು ಹುಷಾರಿಲ್ಲದೆ ಮಲಗಿದ್ದ. ಕೋಣೆಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಕಾವಲಿನವನು ಆಚೆ ಹೋದದ್ದೇ ತಡ, ಎದ್ದು ಹೋಗಿ ಬೇಕನ್ ಕೋಣೆಯ ಬಾಗಿಲಿಗೆ ಮೈಯಿಂದಲೇ ಗುದ್ದಿದಳು. ಅವನು ಬೆಚ್ಚಿ ಎದ್ದು ಆಳುಗಳನ್ನು ಕರೆದ. ಅವರು ಬಾಗಿಲು ತೆಗೆದಾಗ ಅವರ ಜೊತೆಗೇ ಒಳಗೆ ನುಗ್ಗಿದಳು. ಕ್ಷಮಿಸಿ, ನಾನು ಕರುವನ್ನು ಕಳೆದುಕೊಂಡ ಹಸು ಅಂದಳು. ಇದು ಇಂಗ್ಲಿಷ್ ಕಾಗದದಲ್ಲಿರುವ ಮಾತೇ, ನಾನು ಕಟ್ಟಿದ್ದಲ್ಲ. ಕನ್ನಡದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಕನ್ ಆಕೆಯ ಪರ ನಿಂತ. ದೊರೆ ಆಗ ಸ್ಕಾಟ್ಲೆಂಡಿನಲ್ಲಿದ್ದ. ಅವನಿಗೆ ಸಿಟ್ಟು ಬಂದಿದೆ ಅಂತ ಗೊತ್ತಾದ ಮೇಲೆ ಬೇಕನ್ ಮೆತ್ತಗಾದ. ಸೆಪ್ಟೆಂಬರ್ 29ರಂದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಮದುವೆ ನಡೆಯಿತು. ಕನ್ಯೆಯನ್ನು ಧಾರೆ ಎರೆದವನು ದೊರೆಯೇ, ನಮ್ಮ ಮಾತಿನಲ್ಲಿ ಹೇಳುವುದಾದರೆ. ತಾಯಿ ಬರಲಿಲ್ಲ, ಅವಳನ್ನು ಬೇರೊಬ್ಬರ ಮನೆಯಲ್ಲಿ ಕಾವಲಿನಲ್ಲಿ ಇಟ್ಟಿದ್ದರು. ಕುಕ್‌ಗೆ ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನಲ್ಲಿ ಜಾಗ ಸಿಕ್ಕಿತು. ಜಡ್ಜ್ ಕುರ್ಚಿ ಮಾತ್ರ ಮತ್ತೆ ಸಿಗಲಿಲ್ಲ.

ಅಳಿಯನಿಗೆ ಪರ್ಬೆಕ್ ವೈಕೌಂಟ್ ಅನ್ನುವ ಬಿರುದು ಬಂತು. ಕೆಲವೇ ವರ್ಷಕ್ಕೆ ಬುದ್ಧಿ ಕೆಟ್ಟಿತು. ಫ್ರಾನ್ಸೆಸ್ ಸರ್ ರಾಬರ್ಟ್ ಹವರ್ಡ್ ಜೊತೆ ಬದುಕು ಕಟ್ಟಿಕೊಂಡಳು, 1624ರಲ್ಲಿ ಗಂಡು ಮಗು ಆಯಿತು. ಬಕಿಂಗ್‌ಹ್ಯಾಮ್ ಕಡೆಯವರು ವ್ಯಭಿಚಾರದ ಕೇಸು ಹಾಕಿಸಿದರು. 1627ರಲ್ಲಿ ತೀರ್ಪು ಬಂತು. ಬಿಳಿ ಬಟ್ಟೆ ಹೊದ್ದು, ಬರಿಗಾಲಲ್ಲಿ, ಜನರ ಮುಂದೆ ಪ್ರಾಯಶ್ಚಿತ್ತ ಮಾಡಬೇಕು ಅಂತ. ಆಕೆ ಮಾಡಲಿಲ್ಲ, ತಪ್ಪಿಸಿಕೊಂಡಳು. 1635ರಲ್ಲಿ ಮತ್ತೆ ಹಿಡಿದು ಸೆರೆಗೆ ಹಾಕಿದಾಗ ಗಂಡಸಿನ ವೇಷ ಹಾಕಿಕೊಂಡು ಫ್ರಾನ್ಸ್‌ಗೆ ಓಡಿದಳು. ಆಮೇಲೆ ವಾಪಸ್ ಬಂದು 1645ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಳು. ನನಗೆ ಇವಳ ಮೇಲೆ ಕುಕ್ ಮೇಲಿರುವುದಕ್ಕಿಂತ ಜಾಸ್ತಿ ಗೌರವ ಹುಟ್ಟಿದೆ, ನಿಮ್ಮ ಕಾಗದದಿಂದಾಗಿ.

ಬ್ರಿಜೆಟ್‌ಳ ಮಗಳು ಆ್ಯನ್ ಬೇರೆಯೇ ಥರದವಳು. ಅಪ್ಪನ ಭಕ್ತೆ, ದೊರೆಯ ಪಕ್ಷದವಳು. ಕುಕ್ ಮಗನಂತೆ ಕಂಡು ಶಾಲೆಗೆ ಸೇರಿಸಿದ ರೋಜರ್ ವಿಲಿಯಮ್ಸ್ ಎಂಬ ಹುಡುಗ ಮುಂದೆ ಅಮೆರಿಕಕ್ಕೆ ಹೋಗಿ ರೋಡ್ ಐಲೆಂಡ್ ಕಟ್ಟಿದ. 1650ರ ದಶಕದಲ್ಲಿ ಅವನು ಇಂಗ್ಲೆಂಡಿಗೆ ಬಂದಾಗ ಆ್ಯನ್‌ಗೆ ಕಾಗದ ಬರೆದು, ಧರ್ಮದ ಪುಸ್ತಕಗಳನ್ನು ಓದು ಅಂತ ಕೊಟ್ಟ. ಇನ್ನು ನನಗೆ ತೊಂದರೆ ಕೊಡಬೇಡ ಅಂತ ಆಕೆ ಖಡಾಖಂಡಿತವಾಗಿ ಬರೆದಳು. ಅಪ್ಪ ಓದಿದ ಟ್ರಿನಿಟಿ ಕಾಲೇಜಿಗೆ ಚಿತ್ರಗಳಿರುವ ಒಂದು ಹಳೆಯ ಅಮೂಲ್ಯ ಹಸ್ತಪ್ರತಿಯನ್ನು ಕೊಟ್ಟವಳೂ ಇವಳೇ.

ವಂಶ ಇದೆ, ನಾರ್ಫೋಕ್‌ನ ಹೋಕಮ್‌ನಲ್ಲಿ. ಅಲ್ಲಿನ ಜಮೀನು ಬಂದದ್ದು ಜಾನ್ ಎಂಬ ಮಗನ ಹೆಂಡತಿಯ ಕಡೆಯಿಂದ. ಈಗಿರುವ ದೊಡ್ಡ ಅರಮನೆಯನ್ನು 1734ರಲ್ಲಿ ಕಟ್ಟಿಸಲು ಶುರು ಮಾಡಿದವನು ಹೆನ್ರಿ ಎಂಬ ಇನ್ನೊಬ್ಬ ಮಗನ ಕವಲಿನ ಥಾಮಸ್ ಕುಕ್. ಅವನ ಒಬ್ಬನೇ ಮಗ ಮಕ್ಕಳಿಲ್ಲದೆ ಸತ್ತ. ಆಸ್ತಿ ಥಾಮಸ್‌ನ ತಂಗಿಯ ಮಗನಿಗೆ ಹೋಯಿತು, ಆ ಹುಡುಗ ಕುಕ್ ಅಂತ ಹೆಸರು ಬದಲಿಸಿಕೊಂಡ. ಹಾಗಾಗಿ ಇವತ್ತು ಹೋಕಮ್‌ನಲ್ಲಿರುವ ಕುಕ್‌ಗಳೆಲ್ಲ ಹೆಣ್ಣಿನ ಕಡೆಯ ಕುಕ್‌ಗಳು. ದುಂಡನೆಯ ಗಟ್ಟಿ ಬೌಲರ್ ಟೋಪಿ ನೋಡಿದ್ದೀರಲ್ಲ? 1849ರಲ್ಲಿ ಅದನ್ನು ಮೊದಲು ಮಾಡಿಸಿಕೊಂಡವನು ಇದೇ ಮನೆಯ ಒಬ್ಬ ಎಡ್ವರ್ಡ್ ಕುಕ್. ಎರಡು ಸಲ ತುಳಿದು ನೋಡಿ, ಮುರಿಯಲಿಲ್ಲ ಅಂತ ಖಾತ್ರಿಯಾದ ಮೇಲೆ ದುಡ್ಡು ಕೊಟ್ಟನಂತೆ.

ಕೊನೆಗೆ ಮುದುಕನ ವಿಷಯ. ಕೊನೆಯ ವರ್ಷಗಳನ್ನು ಅವನು ಸ್ಟೋಕ್ ಪೋಜಸ್‌ನ ಮನೆಯಲ್ಲಿ ಕಳೆದ. ಒಮ್ಮೆ ಕಾಯಿಲೆ ಜಾಸ್ತಿಯಾಗಿದೆ ಅಂತ ಕೇಳಿ, ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಲೇಡಿ ಹ್ಯಾಟನ್ ಲಂಡನ್ನಿನಿಂದ ಹೊರಟಳು. ದಾರಿಯಲ್ಲಿ ಡಾಕ್ಟರ್ ಸಿಕ್ಕಿ, ಈಗ ಪರವಾಗಿಲ್ಲ ಅಂದ. ಅಲ್ಲಿಂದಲೇ ವಾಪಸ್ ತಿರುಗಿದಳು. ಅವನನ್ನು ನೋಡಿಕೊಳ್ಳಲು ಬಂದು ಇದ್ದವಳು ಫ್ರಾನ್ಸೆಸ್. ಹೌದು, ಅದೇ ಫ್ರಾನ್ಸೆಸ್.

1634ರ ಸೆಪ್ಟೆಂಬರ್ 3ರಂದು ಕುಕ್ ತೀರಿಕೊಂಡ. ಟಿಟಲ್‌ಶಲ್ ಊರಿನಲ್ಲಿ ಬ್ರಿಜೆಟ್ ಪಕ್ಕದಲ್ಲಿ ಮಣ್ಣು ಮಾಡಿದರು. ಅವನು ಇನ್ನೂ ಉಸಿರಾಡುತ್ತಿದ್ದಾಗಲೇ, ಜೇಮ್ಸ್‌ನ ಮಗ ಚಾರ್ಲ್ಸ್ ದೊರೆಯ ಕಡೆಯವರು ಮನೆಗೆ ಬಂದು ಕಾಗದ ಪತ್ರಗಳನ್ನೆಲ್ಲ ಹೊತ್ತೊಯ್ದರು. ಈ ಸಲ ಬಾಗಿಲು ಕುಕ್‌ನದು. 1641ರಲ್ಲಿ ಪಾರ್ಲಿಮೆಂಟು ಹೇಳಿದ ಮೇಲೆ ಅವು ಮಗನಿಗೆ ವಾಪಸ್ ಬಂದವು. ಉಯಿಲು ಮಾತ್ರ ಬರಲಿಲ್ಲ. ಅವತ್ತು ತೆಗೆದುಕೊಂಡು ಹೋದದ್ದರ ಒಂದು ಪಟ್ಟಿ ಇದೆ. ಸರ್ಕಾರದ ಕಡತ, ಕಾನೂನಿನ ಟಿಪ್ಪಣಿ, ಜಮೀನಿನ ಕಾಗದಗಳ ನಡುವೆ ಅದರಲ್ಲಿ ಒಂದು ಬಾಬತ್ತು ಹೀಗಿದೆ: ಮಕ್ಕಳಿಗಾಗಿ ಬರೆದ ಪದ್ಯ, ಒಂದು ಹಾಳೆ.

— ಸಂಪಾದಕ