ಆ್ಯಂಟಿಬಯಾಟಿಕ್ ನಂತರ ತುರಿಕೆ, ಗಟ್ಟಿ ಬಿಳಿ ಸೆರಗು: ಏನು ಮಾಡಬೇಕು?

ಗಂಟಲು ನೋವಿಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಯೋನಿಯಲ್ಲಿ ವಿಪರೀತ ತುರಿಕೆ ಶುರುವಾಗಿದೆ, ಬಿಳಿ ಸೆರಗು ಗಟ್ಟಿಯಾಗಿ ಹೋಗುತ್ತಿದೆ, ಅತ್ತೆ ಉಷ್ಣ ಎನ್ನುತ್ತಾರೆ, ಔಷಧಿ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಬಹುದೇ, ಇದು ಗಂಡನಿಂದ ಬಂದಿರಬಹುದೇ ಎಂದು ಕೇಳಿದ್ದೀರಿ. ಸ್ತ್ರೀರೋಗ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡುವವಳಾಗಿ ಮೊದಲು ಹೇಳುವುದು: ಆ ಮುಲಾಮನ್ನು ಸದ್ಯ ಹಚ್ಚಬೇಡಿ. ಟ್ಯೂಬಿನ ಮೇಲೆ ಕ್ಲೊಬೆಟಸೋಲ್, ಬೆಕ್ಲೊಮೆಥಾಸೋನ್‌ನಂಥ ಹೆಸರಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಹಚ್ಚಿದ ದಿನ ತುರಿಕೆ ಅಡಗುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತಲೇ ಇರುತ್ತದೆ.

ನೀವು ಹೇಳಿದ ಲಕ್ಷಣಗಳು ಯೀಸ್ಟ್ ಸೋಂಕಿನದೇ, ಅಂದರೆ ಶಿಲೀಂಧ್ರದ ಸೋಂಕಿನದೇ ಇರಬಹುದು. ಕ್ಯಾಂಡಿಡಾ ಎಂಬ ಶಿಲೀಂಧ್ರ ಆರೋಗ್ಯವಂತ ಹೆಂಗಸರಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ಅದನ್ನು ಹತೋಟಿಯಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆ್ಯಂಟಿಬಯಾಟಿಕ್‌ನಿಂದ ಸತ್ತಾಗ ಅದು ಹೆಚ್ಚಿಕೊಳ್ಳುತ್ತದೆ. ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ, ಮದುವೆಯಾಗದವರಿಗೂ ಬರುತ್ತದೆ. ಹಾಗಾಗಿ ದಯವಿಟ್ಟು ಗಂಡನ ಮೇಲೆ ಅನುಮಾನ ಬೇಡ, ಅವರೂ ನಿಮ್ಮನ್ನು ಅನುಮಾನಿಸುವಂತಿಲ್ಲ. ಅವರಿಗೆ ತುರಿಕೆ, ಕೆಂಪು ಗುಳ್ಳೆ ಇದ್ದರೆ ಮಾತ್ರ ಔಷಧಿ ಬೇಕು.

ಆದರೆ ಬಿಳಿ ಸೆರಗೆಲ್ಲ ಯೀಸ್ಟ್ ಅಲ್ಲ. ಯೀಸ್ಟ್ ಆದರೆ ಸ್ರಾವ ಒಡೆದ ಹಾಲಿನಂತೆ ಗಡ್ಡೆಗಡ್ಡೆಯಾಗಿರುತ್ತದೆ, ವಾಸನೆ ಹೆಚ್ಚಿರುವುದಿಲ್ಲ, ಮೂತ್ರ ತಾಗಿದರೆ ಉರಿಯುತ್ತದೆ. ತೆಳ್ಳಗೆ, ಬೂದು ಬಣ್ಣಕ್ಕಿದ್ದು ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ತೊಂದರೆ, ಯೀಸ್ಟ್‌ಗೆ ಕೊಡುವ ಮಾತ್ರೆ ಅದಕ್ಕೆ ನಾಟುವುದೇ ಇಲ್ಲ. ಹಳದಿ ಮಿಶ್ರಿತ ಹಸಿರು ಬಣ್ಣದ ನೊರೆ ಸ್ರಾವ ಲೈಂಗಿಕವಾಗಿ ಹರಡುವ ಟ್ರೈಕೊಮೊನಾಸ್ ಎಂಬ ಸೋಂಕು ಇರಬಹುದು, ಅದಕ್ಕೆ ಗಂಡ ಹೆಂಡತಿ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು. ಕಣ್ಣಂದಾಜು ಅನುಭವಿಗಳಿಗೂ ತಪ್ಪುತ್ತದೆ. ನಿಮಗಿದು ಮೊದಲ ಸಲವಾದ್ದರಿಂದ ಒಮ್ಮೆ ತೋರಿಸಿಯೇ ಔಷಧಿ ಶುರುಮಾಡಿ. ಸ್ರಾವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆ ಸಾಕಾಗುತ್ತದೆ. ಜ್ವರ, ಕಿಬ್ಬೊಟ್ಟೆ ನೋವು ಅಥವಾ ಹುಣ್ಣು ಇದ್ದರೆ ಅದೇ ದಿನ ಹೋಗಿ.

ಸಾಮಾನ್ಯವಾಗಿ ಫ್ಲುಕೊನಜೋಲ್ 150 ಮಿಲಿಗ್ರಾಂನ ಒಂದೇ ಮಾತ್ರೆ ಕೊಡುತ್ತಾರೆ, ಇಲ್ಲವೇ ರಾತ್ರಿ ಮಲಗುವಾಗ ಯೋನಿಯೊಳಗೆ ಇಟ್ಟುಕೊಳ್ಳುವ ಕ್ಲೊಟ್ರಿಮಜೋಲ್ ಮಾತ್ರೆ. ಗರ್ಭಿಣಿಯಾಗಿದ್ದರೆ, ಆಗಿರುವ ಅನುಮಾನವಿದ್ದರೂ, ಫ್ಲುಕೊನಜೋಲ್ ನುಂಗಬಾರದು. ಆಗ 7 ದಿನ ಒಳಗಿಡುವ ಔಷಧಿಯೇ ಸರಿ. ಬೇರೆ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಒಳಗಿಡುವ ಕೆಲವು ಔಷಧಿಗಳಲ್ಲಿ ಎಣ್ಣೆಯ ಅಂಶವಿದ್ದು ಕಾಂಡೋಮ್ ಹರಿಯಬಹುದು, ಆ ದಿನಗಳಲ್ಲಿ ಅದನ್ನು ನಂಬಬೇಡಿ.

ಬೇವಿನ ನೀರು, ಬೆಳ್ಳುಳ್ಳಿ, ಕ್ರಿಮಿನಾಶಕ ದ್ರಾವಣ ಹಾಕಿ ಒಳಗೆ ತೊಳೆದುಕೊಂಡು ಚರ್ಮ ಸುಟ್ಟುಕೊಂಡು ಬರುವವರನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. ಹೊರಭಾಗವನ್ನು ಬರಿ ನೀರಿನಿಂದ ತೊಳೆದು, ಒರೆಸಿ, ಹತ್ತಿಯ ಒಳಉಡುಪು ಧರಿಸಿದರೆ ಸಾಕು.

ವರ್ಷದಲ್ಲಿ ಮೂರು ಸಲ ಅಥವಾ ಹೆಚ್ಚು ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಗೊತ್ತಾಗದ ಮಧುಮೇಹ ಹೀಗೆ ಬೆಳಕಿಗೆ ಬರುವುದುಂಟು. ಮಧುಮೇಹಕ್ಕೆ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೂ ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಈ ಸೋಂಕು ಹೆಚ್ಚು.

ಸಂಕೋಚವಾದರೆ ಮಹಿಳಾ ವೈದ್ಯರನ್ನೇ ಕೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಗುಪ್ತಾಂಗದ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಔಷಧಿ ತೆಗೆದುಕೊಂಡ ಒಂದು ವಾರದೊಳಗೆ ತುರಿಕೆ ನಿಲ್ಲದಿದ್ದರೆ ಅದೇ ಮಾತ್ರೆಯನ್ನು ಮತ್ತೆ ಕೊಳ್ಳಬೇಡಿ, ಮತ್ತೆ ಹೋಗಿ ತೋರಿಸಿ.